ಕಲ್ಯಾಣಕ್ಕೆ ಬಂದ ಹೊಸಬರು

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರ್ಗಿಗೆ ಇಳಿಯುವ ದಾರಿಯೂ ಒಂದನ್ನೊಂದು ಕೂಡುವ ಊರು ಹುಮನಾಬಾದು. ಇಲ್ಲಿ ಬಸ್ಸಿನಿಂದ ಇಳಿದ ಪ್ರಯಾಣಿಕನು ಒಂದು ಹಣ್ಣಿನ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಕೊಳ್ಳಲು ಬಂದ ಹೆಂಗಸು ಮರಾಠಿಯಲ್ಲಿ ಬೆಲೆ ಕೇಳುತ್ತಾಳೆ. ಅಂಗಡಿಯವನು ಕನ್ನಡದಲ್ಲಿ ಹೇಳುತ್ತಾನೆ. ಚೌಕಾಶಿ ಉರ್ದುವಿನಲ್ಲಿ ನಡೆಯುತ್ತದೆ. ಮಗ್ಗುಲಲ್ಲಿ ನಿಂತ ಲಾರಿ ಚಾಲಕನು ತೆಲುಗಿನಲ್ಲಿ ಒಂದು ಮಾತು ಸೇರಿಸುತ್ತಾನೆ. ಕೊನೆಗೆ ‘ದೀಡ ಕಿಲೋ’ ಎಂಬಲ್ಲಿ ವ್ಯವಹಾರ ಮುಗಿಯುತ್ತದೆ. ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ, ಒಂದೂಕಾಲಿಗೆ ಸವ್ವಾ. ಈ ಲೆಕ್ಕವನ್ನು ಕಲಿಯದವನು ಹುಮನಾಬಾದಿನ ಪೇಟೆಯಲ್ಲಿ ಎಷ್ಟು ಓದಿದ್ದರೂ ನಿರಕ್ಷರಿಯೇ.

1956ರ ನವೆಂಬರ್ 1ರಂದು ಈ ಭಾಗವು ಹೈದರಾಬಾದು ಸಂಸ್ಥಾನದ ನಂಟನ್ನು ಕಳಚಿಕೊಂಡು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಹಳೆಯ ಬೀದರ್ ಜಿಲ್ಲೆ ಅಂದು ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದುವು. ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದುವು. ಉಳಿದ ಭಾಗ ಕನ್ನಡ ನಾಡಿಗೆ ಬಂದಿತು. ಅಲ್ಲಿಯವರೆಗೆ ಬರಿಯ ಕಲ್ಯಾಣಿಯಾಗಿದ್ದ ಊರು ಬಸವಕಲ್ಯಾಣವೆಂಬ ಹೆಸರನ್ನು ಧರಿಸಿತು. ನಕ್ಷೆಯ ಮೇಲೆ ಗೆರೆ ಎಳೆಯುವುದು ಒಂದು ದಿನದ ಕೆಲಸ. ಆ ಗೆರೆಯ ಫಲವಾಗಿ ಮೈಸೂರು, ಮಂಡ್ಯ, ಹಾಸನಗಳ ಕಡೆಯ ಉಪಾಧ್ಯಾಯರೂ ಗುಮಾಸ್ತರೂ ಇಂಜಿನಿಯರುಗಳೂ ಕೈಯಲ್ಲಿ ವರ್ಗದ ಆಜ್ಞೆಯನ್ನು ಹಿಡಿದು ಈ ದಿಕ್ಕಿಗೆ ಹೊರಟರಲ್ಲ, ಅವರ ಕೆಲಸ ಅಷ್ಟು ಬೇಗ ಮುಗಿಯಲಿಲ್ಲ.

ಬೀದರಿಗೆ ವರ್ಗವೆಂದರೆ ಆ ಕಾಲದ ಕಚೇರಿಗಳಲ್ಲಿ ಶಿಕ್ಷೆಯೆಂದೇ ಮಾತು. ಈ ಮಾತು ಇಂದಿಗೂ ಸಂಪೂರ್ಣವಾಗಿ ಹೋಗಿಲ್ಲವೆಂಬುದು ನಾಚಿಕೆಯ ಸಂಗತಿ. ಬೆಂಗಳೂರಿನಿಂದ ಆರುನೂರು ಕಿಲೋಮೀಟರಿಗೂ ಮೀರಿದ ದೂರ. ಸಣ್ಣ ಹಳಿಯ ಗಾಡಿಯಲ್ಲಿ ಗುಂತಕಲ್ಲಿಗೆ ಬಂದು, ಹಾಸಿಗೆ ಪಾತ್ರೆಗಳನ್ನೆಲ್ಲ ಇಳಿಸಿ, ದೊಡ್ಡ ಹಳಿಯ ಗಾಡಿಗೆ ಏರಿಸಿ, ರಾಯಚೂರು ವಾಡಿಗಳನ್ನು ದಾಟಿ ಗುಲ್ಬರ್ಗದಲ್ಲಿ ಇಳಿದು, ಮತ್ತೆ ಬಸ್ಸು ಹಿಡಿಯಬೇಕು. ಬಸ್ಸು ಏರುತ್ತ ಹೋದಂತೆ ಕಪ್ಪು ನೆಲ ಮುಗಿದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ತೋರುತ್ತದೆ. ತೆಂಗಿನ ಮರವನ್ನು ಕಾಣಲು ತವಕಿಸುವ ಕಣ್ಣಿಗೆ ಇಲ್ಲಿ ಕಾಣುವುದು ಬೇವು, ಹುಣಿಸೆ ಮತ್ತು ವಿಶಾಲವಾದ ಆಕಾಶ.

ಹಾಗೆ ಬಂದಿಳಿದ ಒಂದು ಮೇಷ್ಟರ ಸಂಸಾರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಇದು ಒಂದು ಮನೆಯ ಕಥೆಯಲ್ಲ; ಇಂತಹ ಹಲವು ಮನೆಗಳ ಕಥೆ. ಪರರಾಷ್ಟ್ರಕ್ಕೆ ಹೋಗುವವನು ತಾನು ಪರಕೀಯನೆಂದು ತಿಳಿದೇ ಹೋಗುತ್ತಾನೆ. ಜಪಾನಿಗೆ ಹೋದ ಅಮೆರಿಕದವನು ಬಾಗಿಲಲ್ಲಿ ಪಾದರಕ್ಷೆ ಬಿಡುವುದನ್ನು ಪುಸ್ತಕದಲ್ಲಿ ಓದಿಕೊಂಡಾದರೂ ಹೋಗುತ್ತಾನೆ. ಆದರೆ ಮೈಸೂರಿನಿಂದ ಹುಮನಾಬಾದಿಗೆ ಬಂದ ಕನ್ನಡಿಗನು ತಾನು ಬಂದುದು ತನ್ನದೇ ನಾಡಿಗೆ, ತನ್ನದೇ ಭಾಷೆಗೆ ಎಂದು ನಂಬಿದ್ದನು. ಅವನ ಕಷ್ಟವೆಲ್ಲ ಆ ನಂಬಿಕೆಯಿಂದಲೇ ಆರಂಭವಾಯಿತು.

ಮೊದಲನೆಯ ದಿನ ನೆರೆಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರು. ಹೊಸ ಮೇಷ್ಟರು ವಿನಯದಿಂದ, “ತಿಂಡಿ ಆಯಿತೇ?” ಎಂದು ಕೇಳಿದರು. ಹಿರಿಯರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗೆ. ಉತ್ತರದ ಕನ್ನಡದಲ್ಲಿ ತಿಂಡಿಯೆಂದರೆ ತುರಿಕೆ. ಜಗಳಕ್ಕೆ ಕೈ ತುರಿಸುವವನಿಗೂ ಅದೇ ಮಾತು. ಬೆಳಗಿನ ಉಪಾಹಾರಕ್ಕೆ ಇಲ್ಲಿ ನಾಷ್ಟಾ ಎನ್ನಬೇಕು. ಮೇಷ್ಟರು ಮಾಸ್ತರರಾದರು, ಶಾಲೆ ಸಾಲಿಯಾಯಿತು, ನಾಟಿ ಎಂಬುದು ಜವಾರಿಯಾಯಿತು, ‘ಮಾಡುತ್ತಿದ್ದಾರೆ’ ಎಂಬುದು ‘ಮಾಡ್ಲಾಕತ್ಯಾರ’ ಎಂದು ಕಿವಿಗೆ ಬಿದ್ದಿತು. ರೈತನೊಬ್ಬನು ಬಂದು, “ಯಪ್ಪಾ, ನೀ ಎಲ್ಲಿಂದ ಬಂದಿ?” ಎಂದಾಗ ಏಕವಚನದಿಂದ ಮೇಷ್ಟರ ಮುಖ ಕೆಂಪಾಯಿತು. ಅದರ ಹಿಂದಿದ್ದ ‘ಯಪ್ಪಾ’ ಎಂಬ ಸಂಬೋಧನೆಯಲ್ಲಿ ಎಷ್ಟು ಗೌರವವಿದೆಯೆಂಬುದು ತಿಳಿಯಲು ಅವರಿಗೆ ಬಹುಶಃ ಒಂದು ವರ್ಷ ಹಿಡಿಯಿತು.

ಇನ್ನು ಅಡಿಗೆಯ ಮನೆ. ಗಂಡಸರು ಕಚೇರಿಯಲ್ಲಿ ಕಲಿಯುವ ಪಾಠಕ್ಕಿಂತ ಇಲ್ಲಿಯ ಪಾಠ ಕಠಿಣ. ಮೈಸೂರಿನ ಗೃಹಿಣಿಗೆ ರೊಟ್ಟಿಯೆಂದರೆ ಅಕ್ಕಿಯ ಹಿಟ್ಟನ್ನು ಎಣ್ಣೆ ಸವರಿ ತಟ್ಟುವುದು. ಇಲ್ಲಿ ಅಕ್ಕಿ ಹಬ್ಬದ ವಸ್ತು. ದಿನದ ಅನ್ನವೇ ಜೋಳ. ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲವಾದುದರಿಂದ ಲಟ್ಟಣಿಗೆಯ ಆಟ ನಡೆಯದು. ಎಸರು ಕುದಿಸಿ ಹಿಟ್ಟಿಗೆ ಸುರಿದು, ಕೈ ಸುಡುವಂತಿರುವಾಗಲೇ ನಾದಿ ಜಿಗಿ ಬರಿಸಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತ, ಬಡಿಯುವ ಕೈಯಿಂದಲೇ ಅದನ್ನು ಸುತ್ತ ತಿರುಗಿಸುತ್ತ ಹೋಗಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಆಗ ಅದು ಉಬ್ಬುತ್ತದೆ. ಮೊದಲ ತಿಂಗಳು ಮೇಷ್ಟರ ಮನೆಯಲ್ಲಿ ಉಬ್ಬಿದ್ದು ರೊಟ್ಟಿಯಲ್ಲ, ಮನೆಯಾಕೆಯ ಅಂಗೈ.

ಅಳುಕೊಂದು ಉಳಿದಿತ್ತು. ಸಂಜೆ ಬೀದಿಯ ಎಲ್ಲ ಮನೆಗಳಿಂದಲೂ ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ಕೇಳಿಬರುತ್ತಿತ್ತು. ತಮ್ಮ ಮನೆಯಿಂದ ಮಾತ್ರ ಇಲ್ಲ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದನ್ನು ಬೀದಿ ಆ ಸದ್ದಿನಿಂದಲೇ ತಿಳಿಯುತ್ತದೆ. ಕೆಲವು ದಿನ ಕಾದು ನೋಡಿದ ನೆರೆಮನೆಯವ್ವ ಕೇಳದೆಯೇ ಒಳಗೆ ಬಂದಳು. ಹಿಟ್ಟಿನ ಪರಾತವನ್ನು ತನ್ನ ಮುಂದೆ ಎಳೆದುಕೊಂಡಳು. ಮಾತಿಲ್ಲದೆ ಹತ್ತು ರೊಟ್ಟಿ ಬಡಿದು, ಹನ್ನೊಂದನೆಯ ಉಂಡೆಯನ್ನು ಹೊಸಬಳ ಕೈಗೆ ಕೊಟ್ಟಳು. ಜೊತೆಗೆ ಪುಂಡಿಯ ಪಲ್ಯವೂ ಶೇಂಗಾ ಹಿಂಡಿಯೂ ಬಂದುವು. ಮೈಸೂರಿನಾಕೆ ಅದಕ್ಕೆ ಪ್ರತಿಯಾಗಿ ಸಾರಿನ ಪುಡಿ ಕೊಟ್ಟಳಂತೆ. ನೀರಿನಂತಹ ಸಾರನ್ನು ನೋಡಿ ನೆರೆಮನೆಯವರು ಏನೆಂದರೋ ತಿಳಿಯದು, ಆದರೆ ಕುಡಿದರು.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಇಡ್ಲಿ ದೋಸೆಗಳಿಲ್ಲದ ಊರಿಗೆ ಬಂದೆವೆಂದು ಕೊರಗಿದ ಈ ಸಂಸಾರಗಳು ಬಂದುದು ಯಾವ ಊರಿನ ನೆರಳಿಗೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ಹಿಟ್ಟಿನ ಇಡ್ಡರಿಕೆಯೂ ದೋಸಕವೂ ವಡೆಯೂ ಅರಸನ ಭೋಜನದ ಸಾಲಿನಲ್ಲಿ ಬರುತ್ತವೆ. ಕನ್ನಡದಲ್ಲಿ ಇಡ್ಡಲಿಗೆಯ ಮಾತು ಅದಕ್ಕಿಂತಲೂ ಹಿಂದಿನದು. ಅಂತೂ ದೋಸೆಯನ್ನು ಶಾಸ್ತ್ರಗ್ರಂಥಕ್ಕೆ ಏರಿಸಿದ ಅರಸನ ರಾಜಧಾನಿಗೆ ಬಂದು, ಮೈಸೂರಿನವರು ದೋಸೆಯ ಹೆಂಚನ್ನು ತಾವೇ ಹೊತ್ತು ತರಬೇಕಾಯಿತು.

ಕಚೇರಿಯ ತೊಡಕು ಬೇರೆ ಬಗೆಯದು. ಹಳೆಯ ದಫ್ತರಗಳೆಲ್ಲ ಉರ್ದುವಿನಲ್ಲಿದ್ದುವು. ತಾರೀಖು ನೋಡಿದರೆ ಫಸಲಿ ವರ್ಷ, ಪಾರಸಿ ತಿಂಗಳು: ಆಜೂರ, ದೈ, ಬಹಮನ್. 1355ನೆಯ ಫಸಲಿಯ ಆಜೂರ ತಿಂಗಳಲ್ಲಿ ಹುಟ್ಟಿದ ಹುಡುಗನಿಗೆ ಎಷ್ಟು ವಯಸ್ಸೆಂದು ತಿಳಿಯಲು 590 ಕೂಡಿಸಿ 1945 ಎಂದು ಲೆಕ್ಕ ಹಾಕಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಆಣೆಯ ಲೆಕ್ಕ ಹೋಗಿ 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದಿತು. ಮುದುಕರ ಬಾಯಲ್ಲಿ ಮಾತ್ರ ನಿಜಾಮನ ಹಾಲಿ ಸಿಕ್ಕಾದ ಲೆಕ್ಕವೇ ಉಳಿದಿತ್ತು. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ. ಸಾಲದ ಪತ್ರವೊಂದನ್ನು ಓದಿ ಹೇಳಲು ಹೋದ ಮೇಷ್ಟರು ಮೂರು ನಾಣ್ಯಗಳ ನಡುವೆ ಸಿಕ್ಕಿ ಬೆವರುತ್ತಿದ್ದರು.

ಆದರೂ ಒಂದು ಮಾತು ಗಮನಾರ್ಹ. ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿಗೆ ಅಮಲ್ದಾರನೆಂದೂ ಧಾರವಾಡದ ಕಡೆ ಮಾಮಲೇದಾರನೆಂದೂ ಹೆಸರಿದ್ದಿತು. ಹೈದರಾಬಾದಿನಲ್ಲಿಯೂ ಮದರಾಸಿನ ಜಿಲ್ಲೆಗಳಲ್ಲಿಯೂ ತಹಸೀಲ್ದಾರ. ಏಕೀಕರಣದ ತರುವಾಯ ಇಡೀ ರಾಜ್ಯಕ್ಕೆ ನಿಂತ ಹೆಸರು ತಹಸೀಲ್ದಾರನೆಂಬುದೇ. ಹುಮನಾಬಾದಿಗೆ ಹೊಂದಿಕೊಳ್ಳಲು ಮೈಸೂರಿನವರು ಕಷ್ಟಪಡುತ್ತಿದ್ದ ಕಾಲದಲ್ಲಿಯೇ ಹುಮನಾಬಾದಿನ ಮಾತು ಸದ್ದಿಲ್ಲದೆ ಮೈಸೂರಿಗೆ ಹೋಗಿ ಕುರ್ಚಿ ಹಾಕಿಕೊಂಡು ಕುಳಿತಿತು.

ಶಾಲೆಯಲ್ಲಿ ಮೇಷ್ಟರು ತಾವು ಕನ್ನಡವನ್ನು ತಂದೆವೆಂದು ಮೊದಮೊದಲು ಭಾವಿಸಿದ್ದರೆ ಅದು ಬಹು ಬೇಗ ಕರಗಿರಬೇಕು. ಇಲ್ಲಿಗೆ ದೂರವಲ್ಲದ ಭಾಲ್ಕಿಯ ಹಿರೇಮಠದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದುವಿನ ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಕಥೆ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಮೈಸೂರಿನಲ್ಲಿ ಕನ್ನಡವು ಗಾಳಿಯಂತೆ ಪುಕ್ಕಟೆ ದೊರೆತ ವಸ್ತು. ಇಲ್ಲಿ ಅದನ್ನು ಬಚ್ಚಿಟ್ಟು ಬೆಳೆಸಿದವರು ಇದ್ದರು. ಅಂತಹವರ ಮಕ್ಕಳ ಉಚ್ಚಾರವನ್ನು ತಿದ್ದಲು ಬೆತ್ತ ಎತ್ತುವ ಮುನ್ನ ಹೊಸ ಮೇಷ್ಟರು ಒಂದು ಕ್ಷಣ ಯೋಚಿಸಬೇಕಾಗಿತ್ತು. ಎಲ್ಲರೂ ಯೋಚಿಸಿದರೆಂದು ಹೇಳಲಾಗದು.

ಕಲಿಯಬೇಕಾದುದರಲ್ಲಿ ಮೌನವೂ ಒಂದು. 1948 ಕಳೆದು ಆಗ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯೆಯನ್ನು ಕಣ್ಣಾರೆ ಕಂಡವರು ಸಂತೆಯಲ್ಲಿ ಎದುರಾಗುತ್ತಿದ್ದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸಲ್ಮಾನರ ಮನೆಗಳಲ್ಲಿ ನಡೆದ ಸಾವುಗಳೂ ಕಡಿಮೆಯಲ್ಲ. ಕೇಂದ್ರ ಸರ್ಕಾರ ಕಳುಹಿಸಿದ ಸುಂದರಲಾಲ್ ಸಮಿತಿ ಅತಿಹೆಚ್ಚು ನೊಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಹೊಸಬನು ಹರಟೆಯ ನಡುವೆ, “ನಿಮ್ಮಣ್ಣ ಎಲ್ಲಿದ್ದಾರೆ?” ಎಂದು ಯಾರನ್ನಾದರೂ ಕೇಳಿಬಿಡುತ್ತಿದ್ದನು. ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೇ ಸುಮ್ಮನಾಗುತ್ತಿದ್ದರು. ಬಳಿಕ ಯಾರೋ ಚಹಾ ತರಿಸುತ್ತಿದ್ದರು. ಯಾವ ಪ್ರಶ್ನೆಯನ್ನು ಕೇಳಬಾರದೆಂಬುದು ಯಾವ ಶಬ್ದಕೋಶದಲ್ಲಿಯೂ ಸಿಗುವುದಿಲ್ಲ.

ರಜೆಯ ದಿನ ಸಂಸಾರಸಮೇತರಾಗಿ ಬಸವಕಲ್ಯಾಣಕ್ಕೆ ಹೋಗುವುದು ವಾಡಿಕೆ. ಹುಮನಾಬಾದಿನಿಂದ ಸುಮಾರು ಮೂವತ್ತು ಕಿಲೋಮೀಟರು. ಮಹಾನಗರವೊಂದನ್ನು ನಿರೀಕ್ಷಿಸಿ ಹೋದವನಿಗೆ ಆಶಾಭಂಗವಾಗುತ್ತದೆ. ಚಾಲುಕ್ಯರ ಅರಮನೆಯಿಲ್ಲ, ಬಹಮನಿ ಕಾಲದಲ್ಲಿ ಬಲಪಡಿಸಿದ ಕೋಟೆಯಿದೆ, ಬಸವೇಶ್ವರ ದೇವಾಲಯವಿದೆ, ರಾಜಾ ಬಾಗ್ ಸವಾರರ ದರ್ಗಾ ಇದೆ, ತ್ರಿಪುರಾಂತಕ ಕೆರೆಯಿದೆ. ಕೆರೆಯ ಬಳಿಯ ಅನುಭವ ಮಂಟಪದ ಕಟ್ಟಡ ಅದೇ ಭಾಲ್ಕಿಯ ಪಟ್ಟದ್ದೇವರ ಪ್ರಯತ್ನದ ಫಲ. 1955ರಲ್ಲಿ ಆರಂಭವಾದ ಕೆಲಸ 1982ರ ವೇಳೆಗೆ ಮುಗಿಯಿತು. ಅದಕ್ಕಿಂತ ಬಹು ದೊಡ್ಡದಾದ ಹೊಸ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಕಟ್ಟಡಗಳ ದೊಡ್ಡತನವನ್ನು ನೋಡುವವರು ನೋಡಲಿ. ಹೊಸಬನಿಗೆ ಇಲ್ಲಿ ಬೇಕಾದುದು ಬೇರೆ: ಈ ಊರಿಗೆ ತನಗಿಂತ ದೂರದಿಂದ ಬಂದವರ ಜಾಡು.

ಅವರಲ್ಲಿ ಹೆಸರಾದವನು ಬಿಲ್ಹಣ. ಕಾಶ್ಮೀರದ ಶ್ರೀನಗರದ ಬಳಿ, ಒಂದು ಮಗ್ಗುಲಲ್ಲಿ ಕುಂಕುಮಕೇಸರಿಯೂ ಇನ್ನೊಂದು ಮಗ್ಗುಲಲ್ಲಿ ದ್ರಾಕ್ಷಿಯೂ ಬೆಳೆಯುವ ಖೋನಮುಖವೆಂಬ ಹಳ್ಳಿಯಲ್ಲಿ ಹುಟ್ಟಿದವನು. ಹನ್ನೊಂದನೆಯ ಶತಮಾನದಲ್ಲಿ ಊರು ಬಿಟ್ಟು, ಮಥುರೆ, ಕನೋಜ, ಕಾಶಿಗಳನ್ನು ಸುತ್ತಿ, ಗುಜರಾತಿಗೆ ಹೋಗಿ ಅಲ್ಲಿಯ ಜನರ ಉಡಿಗೆ ನುಡಿಗಳನ್ನು ಕಂಡು ಬೇಸತ್ತು, ಸೋಮನಾಥನ ದರ್ಶನದಿಂದ ಆ ಬೇಸರವನ್ನು ಕಳೆದುಕೊಂಡು, ದಕ್ಷಿಣದ ಸೇತುವನ್ನೂ ನೋಡಿ, ಕೊನೆಗೆ ಕಲ್ಯಾಣದಲ್ಲಿ ನಿಂತನು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನು ಅವನನ್ನು ವಿದ್ಯಾಪತಿಯನ್ನಾಗಿ ಮಾಡಿ ಆನೆ ಛತ್ರಿಗಳ ಮರ್ಯಾದೆಯನ್ನು ಕೊಟ್ಟನು. ಇದಕ್ಕಿಂತ ಹೆಚ್ಚಿನದು ಪರದೇಶಿಗೆ ಏನು ಬೇಕು? ಆದರೂ ದೊರೆಯ ಚರಿತೆಯಾದ ‘ವಿಕ್ರಮಾಂಕದೇವ ಚರಿತ’ದ ಹದಿನೆಂಟನೆಯ ಸರ್ಗಕ್ಕೆ ಬಂದಾಗ ಕವಿ ಕಲ್ಯಾಣವನ್ನು ಬಿಟ್ಟು ತನ್ನ ಊರನ್ನು, ತನ್ನ ತಂದೆತಾಯಿಗಳನ್ನು, ತಾನು ನಡೆದ ದಾರಿಯನ್ನು ವರ್ಣಿಸಲು ತೊಡಗುತ್ತಾನೆ. ಅನ್ನ ಕೊಟ್ಟ ಅರಸನ ಕಾವ್ಯದ ಕೊನೆಯನ್ನು ಹುಟ್ಟಿದ ಹಳ್ಳಿಗೆ ಮೀಸಲಿಟ್ಟ ಈ ಧೈರ್ಯವನ್ನು ವರ್ಗದ ನೌಕರನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲನು. ಈ ಕಾವ್ಯದ ಹಸ್ತಪ್ರತಿ 1874ರಲ್ಲಿ ಜೈಸಲ್ಮೇರಿನ ಭಂಡಾರದಲ್ಲಿ ಜರ್ಮನ್ ಪಂಡಿತ ಬ್ಯೂಲರನ ಕಣ್ಣಿಗೆ ಬೀಳದಿದ್ದರೆ ನಮಗೆ ಆ ಮನಸ್ಸು ತಿಳಿಯುತ್ತಲೇ ಇರಲಿಲ್ಲ.

ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಇನ್ನೂ ಒಂದು ಸೂಕ್ಷ್ಮವನ್ನು ಹೇಳುತ್ತಾನೆ. ಕಾಶ್ಮೀರದಲ್ಲಿ ಹರ್ಷನು ಕವಿಗಳಿಗೆ ಧಾರಾಳಿಯೆಂಬ ಸುದ್ದಿ ಕೇಳಿದಾಗ ಬಿಲ್ಹಣನಿಗೆ ಕರ್ಣಾಟದಲ್ಲಿ ತಾನು ಪಡೆದ ವೈಭವವೆಲ್ಲ ಮೋಸವೆಂದು ತೋರಿತಂತೆ. ಅತ್ತ ಆ ಹರ್ಷನಾದರೋ ದಕ್ಷಿಣದ ಉಡಿಗೆ ತೊಡಿಗೆಗಳಿಗೆ ಮರುಳಾಗಿ, ಕರ್ಣಾಟದ ಮಾದರಿಯ ನಾಣ್ಯವನ್ನು ಟಂಕಿಸಿ, ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರವನ್ನು ನೋಡಿ ಮನಸೋತು ಕುಳಿತಿದ್ದನು! ಇಲ್ಲಿದ್ದವನಿಗೆ ಅಲ್ಲಿಯ ಹಂಬಲ, ಅಲ್ಲಿದ್ದವನಿಗೆ ಇಲ್ಲಿಯದು.

ಇನ್ನೊಬ್ಬ ಕಾಶ್ಮೀರದವನ ಕಥೆ ಈ ಸೀಮೆಯ ಬಾಯಲ್ಲಿ ಇಂದಿಗೂ ಹಸಿಯಾಗಿದೆ. ಶರಣ ಪರಂಪರೆಯ ಪ್ರಕಾರ ಮೋಳಿಗೆಯ ಮಾರಯ್ಯನು ಅಲ್ಲಿ ಅರಸನಾಗಿದ್ದವನು. ಬಸವಣ್ಣನ ಕೀರ್ತಿಯನ್ನು ಕೇಳಿ ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಮೋಳಿಗೆ ಹೊತ್ತು ತಂದು ಮಾರಿ ಬದುಕಿದನು. ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಗ್ರಾಮದಲ್ಲಿ ಅವನ ಗವಿಯನ್ನು ತೋರಿಸುತ್ತಾರೆ. ಅವರ ಬಡತನವನ್ನು ನೋಡಲಾರದೆ ಬಸವಣ್ಣನು ಜಂಗಮವೇಷದಲ್ಲಿ ಹೋಗಿ, ಮಹಾದೇವಿಯಮ್ಮ ನೀಡಿದ ಅಂಬಲಿಯನ್ನು ಕುಡಿದು, ಅವರಿಗೆ ತಿಳಿಯದಂತೆ ಹೊನ್ನಿನ ಚೀಲವನ್ನು ಇಟ್ಟು ಬಂದನಂತೆ. ಮಾರಯ್ಯನು ಆ ಹೊನ್ನನ್ನು ಜಂಗಮರಿಗೆ ಹಂಚಿಬಿಟ್ಟು ಮತ್ತೆ ಸೌದೆಗೆ ಹೊರಟನು. ಬಿಲ್ಹಣನು ಆನೆಯ ಮೇಲೆ ಕುಳಿತೂ ಕಲ್ಯಾಣದವನಾಗಲಿಲ್ಲ. ಮಾರಯ್ಯನು ಸೌದೆ ಹೊತ್ತು ಆದನು. ಇದರಲ್ಲಿ ಇತಿಹಾಸವೆಷ್ಟು ಪುರಾಣವೆಷ್ಟು ಎಂದು ಕೇಳುವವರಿಗೆ ಮೋಳಕೇರಾದ ಜನ ಉತ್ತರ ಕೊಡುವುದಿಲ್ಲ, ಅಂಬಲಿ ಕೊಡುತ್ತಾರೆ.

ಅಂಬಲಿಯ ನಿಜವಾದ ಹಬ್ಬ ಎಳ್ಳಮಾವಾಸ್ಯೆ. ಡಿಸೆಂಬರಿನ ಕೊನೆಗೋ ಜನವರಿಯ ಆದಿಗೋ ಬರುವ ಆ ದಿನ ಹುಮನಾಬಾದಿನ ಬೀದಿ ಬರಿದಾಗುತ್ತದೆ. ಮೈಸೂರಿನಿಂದ ಬಂದವರು ಮೊದಲ ವರ್ಷ ಊರಿಗೆ ಏನೋ ಆಪತ್ತು ಬಂದಿತೆಂದು ತಿಳಿದರೆ ಆಶ್ಚರ್ಯವಿಲ್ಲ. ಆಪತ್ತೇನೂ ಅಲ್ಲ, ಊರೆಲ್ಲ ಹೊಲಕ್ಕೆ ಹೋಗಿರುತ್ತದೆ. ಹಿಂಗಾರಿನ ಜೋಳ ಎದೆಯುದ್ದ ನಿಂತಿರುವಾಗ ಭೂಮಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಮರದ ಕೆಳಗೆ ಕುಳಿತು ಊಟ ಮಾಡುವುದು ಕ್ರಮ. ಹತ್ತಾರು ಕಾಯಿಪಲ್ಯ ಸೊಪ್ಪು ಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಡಕೆಯ ತಣ್ಣನೆಯ ಅಂಬಲಿ. ಹೊಲವಿಲ್ಲದವನನ್ನು ಹೊಲವಿದ್ದವನು ಕರೆಯಲೇಬೇಕು. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ, “ಬರ್ರಿ, ಉಣ್ರಿ” ಎಂದು ತಡೆದು ಕೂರಿಸುತ್ತಾರೆ. ಹೊಲದ ಒಡೆಯನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಉಣ್ಣುವಾಗ, ಎಡಗೈ ಬಲಗೈ ಎಂದು ನೋಡುತ್ತಿದ್ದ ಮೇಷ್ಟರ ಮಡಿಯೂ ಸ್ವಲ್ಪ ಸಡಿಲವಾಯಿತು.

ಮಡಿ ಸಡಿಲಿಸುವುದರಲ್ಲಿ ಈ ಸೀಮೆಗೆ ಹಳೆಯ ಅಭ್ಯಾಸವುಂಟು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಕ್ಷೇತ್ರ ಮಾಣಿಕನಗರ ಹುಮನಾಬಾದಿಗೆ ತಗುಲಿಕೊಂಡಿದೆ. ಪ್ರಭುಗಳ ಪದಗಳು ಮರಾಠಿಯಲ್ಲಿವೆ, ಕನ್ನಡದಲ್ಲಿವೆ, ಹಿಂದುಸ್ತಾನಿಯಲ್ಲಿವೆ. ಅವರ ಸಕಲಮತಕ್ಕೆ ಮುಸಲ್ಮಾನ ಭಕ್ತರೂ ಹೊರಗಿನವರಲ್ಲ. ದತ್ತಜಯಂತಿಯ ದರ್ಬಾರಿಗೆ ಮೂರು ರಾಜ್ಯಗಳ ಜನ ಕೂಡುತ್ತಾರೆ. ಊರೊಳಗೆ ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ. ಮೊಹರಮ್ಮಿಗೆ ಅಲಾಯಿ ಹಿಡಿಯುವ ಹಿಂದೂಗಳನ್ನು ಕಂಡು ಮೇಷ್ಟರು ಬೆರಗಾದರು. ಮೈಸೂರಿನ ಹಳ್ಳಿಗಳಲ್ಲಿ ಅದನ್ನೇ ಬಾಬಯ್ಯನ ಹಬ್ಬವೆಂದು ಮಾಡುತ್ತಿದ್ದುದು ಅವರಿಗೆ ಆಮೇಲೆ ನೆನಪಾಯಿತು.

ಬೇಸಗೆಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ರಾತ್ರಿ ಮಾಳಿಗೆಯ ಮೇಲೆ ಮಲಗುವುದನ್ನು ಕಲಿತ ಮೇಲೆ, ಮಕ್ಕಳು ‘ಹೋಗ್ಲಾಕತ್ತೀನಿ’ ಎನ್ನತೊಡಗಿದ ಮೇಲೆ, ಮೇಷ್ಟರಿಗೆ ಮೈಸೂರಿನ ಕಡೆಗೆ ಮರಳಿ ವರ್ಗವಾಯಿತು. ಬಹುದಿನ ಅರ್ಜಿ ಬರೆದು ಬೇಡಿದ ವರ್ಗ ಅದು. ಈಗ ಬೀದರಿಗೂ ಕಲಬುರ್ಗಿಗೂ ನಡುವೆ ರೈಲು ಬಂದಿದೆ. 2017ರಿಂದ ಹುಮನಾಬಾದಿಗೂ ನಿಲ್ದಾಣವುಂಟು. ಅಂದು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಸ್ಸಿನ ಚೌಕಕ್ಕೆ ಬಂದರು. ನೆರೆಮನೆಯವ್ವ ಒಣಗಿಸಿದ ಕಡಕ್ ರೊಟ್ಟಿಯ ಗಂಟನ್ನು ಕಿಟಕಿಯಲ್ಲಿ ತುರುಕಿದಳು. ಒಂದು ತಿಂಗಳು ಕೆಡುವುದಿಲ್ಲವೆಂದಳು.

ಮೈಸೂರಿನ ಬೀದಿಯಲ್ಲಿ ಮರುವಾರ ಬೆಳಿಗ್ಗೆ, ಎದುರುಮನೆಯಾಕೆ ರಂಗೋಲಿಯಿಂದ ತಲೆಯೆತ್ತಿ, “ಬಂದಿರಾ? ತಿಂಡಿ ಆಯಿತೇ?” ಎಂದು ಕೇಳಿದಳು. ಮೇಷ್ಟರ ಹೆಂಡತಿಗೆ ಸೆರಗು ಬಾಯಿಗೆ ಒತ್ತಿಕೊಂಡರೂ ನಗೆ ತಡೆಯಲಾಗಲಿಲ್ಲ. ಎದುರುಮನೆಯಾಕೆ ಏನು ತಪ್ಪು ಹೇಳಿದೆನೋ ಎಂದು ರಂಗೋಲಿಯ ಬಟ್ಟಲನ್ನು ಹಿಡಿದು ನಿಂತೇ ಇದ್ದಳು.